ಓವರ್ ಮಾವನ ಮನೆ ವರದಿ

ಹಲ್ಲಿನ ಸೆಟ್ಟು ಕಟ್ಟಿ ಹೊಟ್ಟೆ ಹೊರೆಯುತ್ತಿದ್ದ ಆ ಮನುಷ್ಯನಿಗೆ ಬೀದಿಯವರು ಇಟ್ಟ ಹೆಸರು ಓವರ್ ಮಾವ. ರೇಡಿಯೋದಲ್ಲಿ ಪರಸ್ಪರ ಮಾತಾಡುವವರು ತಮ್ಮ ಸರದಿ ಮುಗಿದಾಗ ‘ಓವರ್’ ಎನ್ನುತ್ತಾರೆ. ನನ್ನ ಮಾತು ಮುಗಿಯಿತು, ಇನ್ನು ನಿಮ್ಮದು ಕೇಳುತ್ತೇನೆ ಎಂದು ಅದರ ಅರ್ಥ. ಓವರ್ ಮಾವ ಈ ಪದವನ್ನು ಹಾಲಿನವನ ಹತ್ತಿರವೂ ಆಡುತ್ತಿದ್ದ, ಹೆಂಡತಿಯ ಹತ್ತಿರವೂ ಆಡುತ್ತಿದ್ದ. ಅವನ ಮಟ್ಟಿಗೆ ಅರ್ಥದ ಮೊದಲರ್ಧವೂ ಸುಳ್ಳು, ಎರಡನೆಯ ಅರ್ಧ ಇನ್ನೂ ದೊಡ್ಡ ಸುಳ್ಳು.

ಅವನ ಕೆಲಸದ ಕೋಣೆ ದಂತವೈದ್ಯರ ದವಾಖಾನೆಯ ಹಿಂದೆ, ಮೆಟ್ಟಿಲ ಕೆಳಗೆ ಇತ್ತು. ಒಳಗೆ ಕಾಲಿಟ್ಟರೆ ಕರಗಿದ ಮೇಣದ ವಾಸನೆ, ಕಾಲಡಿ ಪ್ಲಾಸ್ಟರಿನ ಬಿಳಿ ಧೂಳು, ಡಬ್ಬಿಗಳಲ್ಲಿ ವಸಡಿನ ಬಣ್ಣದ ಪುಡಿ. ಗೋಡೆಯ ಕಪಾಟಿನ ತುಂಬ ಊರಿನವರ ದವಡೆಯ ಅಚ್ಚುಗಳು. ಬೀದಿಯಲ್ಲಿ ಎದುರಾದವರ ಮುಖ ಅವನಿಗೆ ಗುರುತು ಹತ್ತುತ್ತಿರಲಿಲ್ಲ. ಅವರು ಬಾಯಿ ಬಿಟ್ಟು ನಕ್ಕರೆ ಮಾತ್ರ, “ಓ, ಮೇಲಿನ ಸಾಲು, ಎಡಗಡೆ ಕ್ಲಿಪ್ಪು, ನೀವಾ?” ಎನ್ನುತ್ತಿದ್ದ. ನಕ್ಕವರು ಆಮೇಲೆ ನಗುತ್ತಿರಲಿಲ್ಲ.

ಹೆಂಡತಿಗೆ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೆಲಸ. ದಿನವಿಡೀ ಜನರ ಪ್ರಶ್ನೆ ಕೇಳಿಸಿಕೊಂಡು ಆಕೆಗೂ ಪ್ರಶ್ನೆ ಕೇಳುವ ಚಟ ಹತ್ತಿತ್ತು. “ಆಸ್ಪತ್ರೆ ಕಡೆ ಬಸ್ಸು ಎಷ್ಟೊತ್ತಿಗೆ?” ಎಂದು ಯಾರಾದರೂ ಕೇಳಿದರೆ ಹೊತ್ತು ಹೇಳುವ ಮೊದಲು, “ಯಾರಿಗೆ ಹುಷಾರಿಲ್ಲ?” ಎಂದು ಆಕೆ ಕೇಳುತ್ತಿದ್ದಳು. ಹಿಂದೆ ಸಾಲು ಬೆಳೆಯುತ್ತಿತ್ತು. ಸಾಲಿನಲ್ಲಿದ್ದವರು ಗೊಣಗುತ್ತಿದ್ದರು, ಆದರೆ ಉತ್ತರ ಕೇಳಲು ಕಿವಿಯನ್ನೂ ಚಾಚುತ್ತಿದ್ದರು.

ಸಂಜೆ ಓವರ್ ಮಾವ ಬಾಲ್ಕನಿಗೆ ಗಾಜು ಹಾಕಿಸಿ ಮಾಡಿಕೊಂಡ ಗೂಡಿನಲ್ಲಿ ಕೂರುತ್ತಿದ್ದ. ಅಲ್ಲಿ ಅವನ ರೇಡಿಯೋ, ಮೈಕು, ಗೋಡೆಗೆ ತೂಗುಹಾಕಿದ ಲೈಸೆನ್ಸು. ಮಹಡಿಯ ಮೇಲೆ ಉದ್ದನೆಯ ತಂತಿ ಬಿಗಿದು ಅದನ್ನು ಆಂಟೆನಾ ಮಾಡಿಕೊಂಡಿದ್ದ. ಸಮುದ್ರದಾಚೆ ಯಾವುದೋ ದ್ವೀಪದಲ್ಲಿ ಹವಾಮಾನ ಕೇಂದ್ರ ನೋಡಿಕೊಳ್ಳುತ್ತಿದ್ದ ಒಬ್ಬರು ಅವನ ಖಾಯಂ ಗೆಳೆಯರು. ವರ್ಷಗಟ್ಟಲೆಯ ಗೆಳೆತನ. ಮಾತು ಮುಗಿಸಿ ಅವನು ಹೊರಬಂದಾಗ ಹೆಂಡತಿ ಕೇಳುತ್ತಿದ್ದಳು.

“ಏನಂದ್ರು ದ್ವೀಪದವರು?”

“ಸಿಗ್ನಲ್ ಐದಕ್ಕೆ ಐದು.”

“ಆಮೇಲೆ?”

“ಆಂಟೆನಾ ಕಂಬ ಸ್ವಲ್ಪ ಎತ್ತರಿಸ್ತಾರಂತೆ.”

“ಅವರಿಗೆ ಮಕ್ಕಳೆಷ್ಟು?”

“ಅದೆಲ್ಲ ರೇಡಿಯೋದಲ್ಲಿ ಕೇಳೋ ವಿಷಯ ಅಲ್ಲ, ಓವರ್.”

ಇಬ್ಬರು ಗಂಡಸರು ಸಾಗರ ದಾಟಿ ಒಬ್ಬರನ್ನೊಬ್ಬರು ಮುಟ್ಟುವುದು, ಮುಟ್ಟಿದ ಮೇಲೆ ಮುಟ್ಟಿದ ಕೋಲಿನ ಉದ್ದವನ್ನೇ ಚರ್ಚಿಸುವುದು. ಊಟಕ್ಕೆ ಕೂತವರು ತಟ್ಟೆಯ ದಪ್ಪ ಅಳೆದು ಎದ್ದು ಹೋದ ಹಾಗೆ ಎಂದು ಆಕೆಗೆ ಅನ್ನಿಸುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿಯೂ ಇದ್ದಳು. ಆಗ ಅವನು ಹೆಡ್‌ಫೋನ್ ಹಾಕಿಕೊಂಡಿದ್ದ.

ಊರಲ್ಲಿ ಇಂಥವರ ಒಂದು ಕ್ಲಬ್ಬಿತ್ತು. ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಭಾನುವಾರ ಬೆಳಗ್ಗೆ ಸೇರುತ್ತಿದ್ದರು. ಅಧ್ಯಕ್ಷರು ಹಡಗಿನಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದವರು. ಹಡಗು ನಡೆಸಿದವರಲ್ಲದಿದ್ದರೂ ಎಲ್ಲರೂ ಅವರನ್ನು ಕ್ಯಾಪ್ಟನ್ ಎನ್ನುತ್ತಿದ್ದರು, ಅವರು ತಿದ್ದುತ್ತಿರಲಿಲ್ಲ. ಕೆಳಗಿನ ಅಂಗಡಿಯ ಅಣ್ಣತಮ್ಮಂದಿರಿಬ್ಬರೂ ಸದಸ್ಯರು. ಪಾಲಾದಾಗ ಅಂಗಡಿಯ ನಡುವೆ ಗೋಡೆ ಎಬ್ಬಿಸಿಕೊಂಡು ಮಾತು ಬಿಟ್ಟಿದ್ದರು. ರೇಡಿಯೋದಲ್ಲಿ ಮಾತ್ರ ಒಬ್ಬರಿಗೊಬ್ಬರು ಶುಭೋದಯ ಹೇಳುತ್ತಿದ್ದರು, ಏಕೆಂದರೆ ಸೌಜನ್ಯ ಕ್ಲಬ್ಬಿನ ನಿಯಮ. ಇವರ ನಡುವೆ ಪ್ರೌಢಶಾಲೆಯ ಕೆಮಿಸ್ಟ್ರಿ ಮೇಡಂ ಒಬ್ಬರು. ಕ್ಲಬ್ಬಿನಲ್ಲಿ ಏನಾದರೂ ಕೆಲಸ ಆಗುತ್ತಿದ್ದರೆ ಅದು ಅವರಿಂದ. ಉಳಿದವರು ಠರಾವು ಮಾಡುತ್ತಿದ್ದರು.

ಒಂದು ಭಾನುವಾರ ಮೇಡಂ ಹೊಸ ಮಾತೆತ್ತಿದರು. ನೀರಿನ ಟ್ಯಾಂಕಿನ ಮೇಲೆ ಕ್ಲಬ್ಬಿನ ರಿಪೀಟರ್ ಇತ್ತು. ಸಣ್ಣ ರೇಡಿಯೋ ಸೆಟ್ಟುಗಳ ಸದ್ದು ಹಿಡಿದು ಊರಗಲಕ್ಕೆ ಎರಚುವ ಪೆಟ್ಟಿಗೆ ಅದು. ಅದನ್ನು ಇಂಟರ್ನೆಟ್ ಫೋನಿನ ಜಾಲಕ್ಕೆ ಜೋಡಿಸೋಣ ಎಂಬುದು ಅವರ ಸೂಚನೆ.

“ಬೇರೆ ಬೇರೆ ಊರಿನ ಹವ್ಯಾಸಿಗಳೇ ಸೇರಿ ಒಂದು ಫೋನ್ ಎಕ್ಸ್‌ಚೇಂಜ್ ನಡೆಸ್ತಿದ್ದಾರೆ. ಯಾವ ಕಂಪನಿದೂ ಅಲ್ಲ. ನಮ್ಮ ಕ್ಲಬ್ಬಿಗೆ ಒಂದು ನಂಬರ್ ಸಿಗುತ್ತೆ, ಒಬ್ಬೊಬ್ಬ ಸದಸ್ಯರಿಗೂ ಒಂದೊಂದು. ಮೇಜಿನ ಮೇಲೆ ಮಾಮೂಲಿ ಫೋನ್ ಇಟ್ಕೊಂಡು ಡಯಲ್ ಮಾಡಿದ್ರೆ ಅಲ್ಲಿ ಯಾವುದೋ ಊರಿನ ರೇಡಿಯೋದಲ್ಲಿ ಧ್ವನಿ ಬರುತ್ತೆ. ಆಂಟೆನಾ ಹಾಕೋಕೆ ಜಾಗ ಇಲ್ಲದವರೂ ಮಾತಾಡಬಹುದು.”

ಓವರ್ ಮಾವ ಎದ್ದು ನಿಂತ. ಅವನು ಎದ್ದರೆ ಬೇರೆಯವರು ಕಾಲು ಚಾಚಿ ಕೂರುವ ಹೊತ್ತು ಎಂದರ್ಥ.

“ತಂತಿ ಮುಟ್ಟಿತು ಅಂದ್ರೆ ಅದು ರೇಡಿಯೋ ಅಲ್ಲ” ಎಂದು ಶುರುಮಾಡಿದ. ಆಕಾಶ ಎಂದ, ಅಲೆ ಎಂದ, ತಪಸ್ಸು ಎಂದ. ಫೋನ್ ಹಿಡಿದು ಹವ್ಯಾಸಿ ಅನ್ನಿಸಿಕೊಳ್ಳುವುದು ಲಿಫ್ಟಿನಲ್ಲಿ ಬೆಟ್ಟ ಹತ್ತಿದ ಹಾಗೆ ಎಂದ. “ಇದನ್ನ ಬರ್ಕೊಳ್ಳಿ. ತಂತಿಯಲ್ಲಿ ಹೋದ ಮಾತಿಗೂ ನಮಗೂ ಸಂಬಂಧ ಇಲ್ಲ. ಓವರ್.”

ಕ್ಯಾಪ್ಟನ್ ಅದನ್ನು ಬರೆಸಿಯೇಬಿಟ್ಟರು. ಮೇಡಂ ಚಹಾ ಲೋಟಗಳನ್ನು ಎತ್ತಿಟ್ಟು ಮನೆಗೆ ಹೋದರು.

ಕೆಲವೇ ವಾರಗಳಲ್ಲಿ ಓವರ್ ಮಾವನ ಕಟ್ಟಡಕ್ಕೆ ಬಣ್ಣ ಬಳಿಯುವವರು ಬಂದರು. ಮಾಲೀಕ ಮಹಡಿ ನೋಡಿ, ಅಡ್ಡಡ್ಡ ಬಿಗಿದಿದ್ದ ತಂತಿ ಯಾರದೆಂದು ಕೇಳದೆಯೇ ಕತ್ತರಿಸಿ ಸುರುಳಿ ಸುತ್ತಿ ಬಾಗಿಲ ಮುಂದೆ ಇಟ್ಟುಹೋದ. “ಇನ್ಮೇಲೆ ಮಹಡಿ ಮೇಲೆ ಏನೂ ಕಟ್ಟಬಾರದು, ಬಟ್ಟೆ ಕೂಡ” ಎಂದು ಹೇಳಿ ಕಳಿಸಿದ. ಓವರ್ ಮಾವ ಹೋರಾಡುತ್ತೇನೆಂದು ಹೊರಟು ಮಾಲೀಕನ ಬಾಗಿಲವರೆಗೂ ಹೋಗಿ, ಅವನ ಹಲ್ಲು ತಾನೇ ಕಟ್ಟಿದ್ದೆಂದು ನೆನಪಾಗಿ, ಆ ಹಲ್ಲು ಸಡಿಲವಾಗಿದೆ ಎಂಬ ದೂರೂ ಬಾಕಿಯಿದೆಯೆಂದು ನೆನಪಾಗಿ, ಸದ್ದಿಲ್ಲದೆ ಇಳಿದು ಬಂದ.

ಆಂಟೆನಾ ಇಲ್ಲದೆ ಗೂಡಿನ ರೇಡಿಯೋದಲ್ಲಿ ಈಗ ಬರೀ ಗೊರಗೊರ ಸದ್ದು. ಕೆಲವು ಸಂಜೆ ಅವನು ಸುಮ್ಮನೆ ಮೈಕಿನ ಮುಂದೆ ಕೂತು ಎದ್ದು ಬಂದ. ಕೊನೆಗೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಹೋಗಿ ಮೇಡಂ ಅವರಿಗಾಗಿ ಕಾದ.

“ತತ್ವ ಬೇರೆ, ಪರಿಸ್ಥಿತಿ ಬೇರೆ” ಎಂದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು. “ಯುವಕರಿಗೆ ಅನುಕೂಲ ಆಗ್ಲಿ ಅಂತ ನಾನೇ ಮುಂದೆ ನಿಂತು ಮಾಡಿಸ್ತೀನಿ.”

“ಯಾವ ಯುವಕರು?” ಎಂದರು ಮೇಡಂ. ಕ್ಲಬ್ಬಿನಲ್ಲಿ ಎಲ್ಲರಿಗಿಂತ ಎಳೆಯವರೆಂದರೆ ಅವರೇ, ಅವರಿಗೂ ಮೊಣಕಾಲು ನೋವು ಶುರುವಾಗಿತ್ತು.

ಹಾಗೆ ಕೆಲಸ ನಡೆಯಿತು. ಮುಚ್ಚಿಹೋದ ಒಂದು ಕಚೇರಿಯಿಂದ ಬೇಡವಾದ ಫೋನುಗಳನ್ನು ಟೈರ್ ಅಂಗಡಿಯ ಅಣ್ಣ ತಂದ. ಶಾಲೆಯವರು ಬಿಸಾಕಿದ ಕಂಪ್ಯೂಟರನ್ನು ಮೇಡಂ ರಿಪೇರಿ ಮಾಡಿಸಿ ಕ್ಲಬ್ಬಿನ ಫೋನ್ ಎಕ್ಸ್‌ಚೇಂಜ್ ಆಗಿ ಮಾರ್ಪಡಿಸಿದರು. ಟ್ಯಾಂಕಿನ ಏಣಿಯನ್ನು ತಮ್ಮ ಹತ್ತಿದ, ಅಣ್ಣ ಹಿಡಿದ. ಇಬ್ಬರ ಕೈಯಲ್ಲೂ ರೇಡಿಯೋ ಸೆಟ್ಟಿದ್ದದ್ದರಿಂದ ಮಾತಿಗೆ ತೊಂದರೆಯಾಗಲಿಲ್ಲ. ಎಲ್ಲೋ ದೂರದ ದೇಶದ ನಿವೃತ್ತ ಅಂಚೆಯವರೊಬ್ಬರು ಗಂಟೆಗಟ್ಟಲೆ ಕಂಪ್ಯೂಟರಿನ ಪರದೆಯಲ್ಲಿ ಕೂತು ಯಾವ ಸಾಲಿನಲ್ಲಿ ಯಾವ ಅಂಕಿ ಎಂದು ಮೇಡಂಗೆ ಹೇಳಿಕೊಟ್ಟರು. ಅವರಿಗೆ ಇವರು ಯಾರೂ ಅಲ್ಲ. ಓವರ್ ಮಾವ ಸಲಹೆ ಕೊಟ್ಟ. ಸಲಹೆ ಸಾಲದೆಂದು ಒಡೆದ ಫೋನುಗಳ ಬಾಯಿಗೆ ತನ್ನ ಅಂಗಡಿಯ ಪುಡಿ ಕಲಸಿ ತೇಪೆ ಹಾಕಿಕೊಟ್ಟ. ಅಚ್ಚ ವಸಡಿನ ಬಣ್ಣ. ಕ್ಲಬ್ಬಿನ ಸದಸ್ಯರು ಇವತ್ತಿಗೂ ಆ ಫೋನುಗಳನ್ನು ಬಾಯಿಗೆ ಸ್ವಲ್ಪ ದೂರವೇ ಹಿಡಿಯುತ್ತಾರೆ.

ಉದ್ಘಾಟನೆಯ ದಿನ ಕೋಣೆ ತುಂಬಿತ್ತು. ಕ್ಯಾಪ್ಟನ್ ಮಾನವಕುಲವೆಲ್ಲ ಒಂದಾಗುವ ಬಗ್ಗೆ ಭಾಷಣ ಮಾಡಿದರು. ಮೊದಲ ಕರೆ ದ್ವೀಪದವರಿಗೆ, ಅವರೂ ಅದೇ ಜಾಲದಲ್ಲಿ ಒಂದು ನಂಬರ್ ಪಡೆದಿದ್ದರು. ಓವರ್ ಮಾವ ಡಯಲ್ ಮಾಡಿದ, ಅತ್ತಲಿಂದ ಧ್ವನಿ ಬಂತು, ಕೋಣೆಯೇ ಉಸಿರು ಹಿಡಿಯಿತು.

“ನನ್ನ ಧ್ವನಿ ಕೇಳುತ್ತಿದೆಯೇ? ಓವರ್.”

“ಕೇಳುತ್ತಿದೆ. ನನ್ನದು ಕೇಳುತ್ತಿದೆಯೇ? ಓವರ್.”

“ಚೆನ್ನಾಗಿ ಕೇಳುತ್ತಿದೆ. ಓವರ್.”

“ನಿಮ್ಮದೂ ಚೆನ್ನಾಗಿ ಕೇಳುತ್ತಿದೆ. ಇಲ್ಲಿ ಮೋಡ ಇದೆ. ಓವರ್.”

“ಇಲ್ಲೂ ಮೋಡ ಇದೆ. ಓವರ್.”

ಚಪ್ಪಾಳೆ ಬಿತ್ತು. ಕೆಲವರು ಕಣ್ಣೊರೆಸಿಕೊಂಡರು. ಹಿಂದಿನ ಕುರ್ಚಿಯಲ್ಲಿದ್ದ ಓವರ್ ಮಾವನ ಹೆಂಡತಿ ಪಕ್ಕದಲ್ಲಿದ್ದ ಮೇಡಂ ಕಡೆ ವಾಲಿ, “ಇದೆಲ್ಲ ಸರಿ. ಮಾತು ಯಾವಾಗ ಶುರು?” ಎಂದು ಕೇಳಿದಳು. ಮೇಡಂ ತಲೆ ತಗ್ಗಿಸಿ ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದರು. ಅವರ ಭುಜ ಅಲುಗುತ್ತಿತ್ತು.

ಅವನ ಪಾಲಿನ ಫೋನು ಮನೆಗೆ ಬಂದು ಅಡುಗೆಮನೆ ಗೋಡೆಯ ಹಲಗೆ ಏರಿತು, ಏಕೆಂದರೆ ಇಂಟರ್ನೆಟ್ಟಿನ ತಂತಿ ಅಲ್ಲಿಯವರೆಗೆ ಮಾತ್ರ ಎಟುಕುತ್ತಿತ್ತು. ಒಂದು ಮಧ್ಯಾಹ್ನ ಅವನು ಹಲ್ಲು ಕಟ್ಟುತ್ತಿದ್ದಾಗ, ಆಕೆಗೆ ರಜೆಯಿದ್ದಾಗ, ಅದು ಬಡಿದುಕೊಂಡಿತು. ಆಕೆ ಕೈ ಒರೆಸಿಕೊಂಡು ಎತ್ತಿದಳು. ಅತ್ತ ದ್ವೀಪದವರು.

ಸಂಜೆ ಅವನು ಊಟಕ್ಕೆ ಕೂತಾಗ ಆಕೆ ಎದುರಿಗೆ ಕೂತಳು, ಬಡಿಸಲಿಲ್ಲ.

“ದ್ವೀಪದವರು ಫೋನ್ ಮಾಡಿದ್ರು.”

“ಸಿಗ್ನಲ್ ಹೇಗಿತ್ತು?”

“ಅವರ ಹೆಂಡತಿ ತೀರ್ಕೊಂಡು ಎರಡು ವರ್ಷ ಆಯ್ತಂತೆ. ನಿಮಗೆ ಗೊತ್ತಾ?”

ಅವನು ಖಾಲಿ ತಟ್ಟೆ ಪಕ್ಕಕ್ಕೆ ಸರಿಸಿದ. ಗೊತ್ತಿರಲಿಲ್ಲ. ಹೆಂಡತಿ ಇದ್ದದ್ದೇ ಗೊತ್ತಿರಲಿಲ್ಲ.

“ನಿನಗೆ ಯಾಕೆ ಹೇಳಿದ್ರು?”

“ಮನೇಲಿ ಯಾರ್ಯಾರಿದ್ದೀರಿ ಅಂತ ಕೇಳ್ದೆ, ಹೇಳಿದ್ರು. ಅದಕ್ಕೇನು ಮಂತ್ರ ಬೇಕಾ?” ಆಕೆ ಮೇಜಿನ ಮೇಲಿನ ನೀರಿನ ಗುರುತನ್ನು ಬೆರಳಿಂದ ಒರೆಸಿದಳು. “ಮಣ್ಣು ಮಾಡಿ ಬಂದ ದಿನ ಗಾಳಿಗೆ ಅವರ ಆಂಟೆನಾ ಕಂಬ ವಾಲಿತ್ತಂತೆ. ಮನೆ ತುಂಬ ಜನ, ಎಲ್ಲರೂ ಪಿಸುಪಿಸು ಅಂತ ಮಾತಾಡ್ತಿದ್ರಂತೆ. ತಡೀಲಾರದೆ ಎದ್ದು ಹೋಗಿ ರೇಡಿಯೋ ಹಾಕಿದ್ರಂತೆ. ನೀವು ಸಿಕ್ಕಿದ್ರಿ.”

ಓವರ್ ಮಾವನಿಗೆ ಆ ಸಂಜೆ ನೆನಪಾಯಿತು. ಧ್ವನಿ ಕ್ಷೀಣವಾಗಿತ್ತು. ಇಷ್ಟು ವರ್ಷದ ಅನುಭವವಿದ್ದೂ ಒಂದು ಕಂಬ ನೆಟ್ಟಗೆ ನಿಲ್ಲಿಸಲು ಬಾರದೇ ಎಂದು ಆ ಮನುಷ್ಯನಿಗೆ ಅವನು ಚೆನ್ನಾಗಿ ಬೆವರಿಳಿಸಿದ್ದ. ಅಶಿಸ್ತು ಎಂದಿದ್ದ. ಅತ್ತಲಿಂದ ಬರೀ ‘ಸರಿ, ಓವರ್’, ‘ಸರಿ, ಓವರ್’ ಎಂದು ಬರುತ್ತಿತ್ತು.

“ಬೇಜಾರು ಮಾಡ್ಕೊಂಡಿದ್ರಾ?” ಎಂದು ಕೇಳಿದ.

“ಇಲ್ಲ. ಅವತ್ತು ಇಡೀ ದಿನದಲ್ಲಿ ತಮ್ಮ ಹತ್ರ ಜೋರಾಗಿ ಮಾತಾಡಿದವರು ನೀವೊಬ್ಬರೇ ಅಂದ್ರು.”

ಇದು ಹೊಗಳಿಕೆಯೋ ಬೈಗುಳವೋ ಅವನಿಗೆ ತಿಳಿಯಲಿಲ್ಲ. ತಿಳಿಯದಿದ್ದಾಗ ಮಾಡುವುದನ್ನೇ ಮಾಡಿದ, ಸಿಟ್ಟಾದ. “ನಿನಗೆ ಲೈಸೆನ್ಸ್ ಇಲ್ಲ. ಪರೀಕ್ಷೆ ಬರೆಯದವರು ಮಾತಾಡೋ ಹಾಗಿಲ್ಲ. ನಿಯಮ.”

“ತಂತಿ ಮುಟ್ಟಿತು ಅಂದ್ರೆ ಅದು ರೇಡಿಯೋ ಅಲ್ಲ ಅಂತ ನೀವೇ ಬರೆಸಿದ್ದೀರಂತಲ್ಲ. ಅವರೂ ಫೋನಲ್ಲಿದ್ರು, ನಾನೂ ಫೋನಲ್ಲಿದ್ದೆ. ಊಟ ಮಾಡಿ.”

ಮಾತು ಮನೆ ಕೆಡಿಸಿತು ಎನ್ನುತ್ತಾರೆ. ಅವನ ಮನೆ ಕೆಡಿಸಿದ್ದು ಅವನದೇ ಮಾತು, ಅದೂ ಠರಾವಿನ ರೂಪದಲ್ಲಿ.

ಸುದ್ದಿ ಹಬ್ಬಿತು. ಮುಂದಿನ ಭಾನುವಾರ ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡು, ಸದಸ್ಯರಲ್ಲದ ಗೃಹಿಣಿಯೊಬ್ಬರು ಜಾಲದಲ್ಲಿ ವೈಯಕ್ತಿಕ ವಿಷಯಗಳನ್ನು ಚರ್ಚಿಸುತ್ತಿರುವುದು ಕ್ಲಬ್ಬಿನ ಘನತೆಗೆ ತಕ್ಕುದಲ್ಲ ಎಂದರು. ಎರಡು ಫೋನುಗಳ ನಡುವಿನ ಮಾತಿಗೆ ಲೈಸೆನ್ಸು ಬೇಡ, ರೇಡಿಯೋಗೆ ಜೋಡಿಸಿದಾಗ ಮಾತ್ರ ಬೇಕು ಎಂದು ಮೇಡಂ ನಿಯಮ ಓದಿದರು. ಎಲ್ಲರೂ ಓವರ್ ಮಾವನತ್ತ ನೋಡಿದರು. ಅವನು ಎದ್ದು ನಿಂತ. ಕಾಲು ಚಾಚಿದವರು ಕಾದರು.

“ಅವಳು ಕೇಳಿದ್ದು ಒಂದೇ ಪ್ರಶ್ನೆ” ಎಂದ. “ನಾನು ಇಷ್ಟು ವರ್ಷದಲ್ಲಿ ಅದನ್ನ ಕೇಳಿಲ್ಲ. ನೀವು ಯಾರಾದ್ರೂ ಕೇಳಿದ್ದೀರಾ?”

ಓವರ್ ಎನ್ನುವುದನ್ನು ಮರೆತು ಕೂತುಬಿಟ್ಟ. ಅವನ ಸರದಿ ಮುಗಿದದ್ದು ಗೊತ್ತಾಗದೆ ಸಭೆ ಸ್ವಲ್ಪ ಹೊತ್ತು ಹಾಗೇ ಕಾಯಿತು.

ದ್ವೀಪದವರ ಜೊತೆ ಅವನೂ ಮಾತಾಡಿದ. ಹೆಂಡತಿ ಪಾತ್ರೆ ತೊಳೆಯುವ ನೆಪದಲ್ಲಿ ನಲ್ಲಿ ಸಣ್ಣಗೆ ಮಾಡಿ ನಿಂತಿದ್ದಳು. “ನಿಮ್ಮ ಮನೆಯವರ ವಿಷಯ ಗೊತ್ತಾಯ್ತು” ಎಂದ. ಅತ್ತಲಿಂದ “ಹೂಂ” ಎಂದು ಬಂತು. “ಅವತ್ತು ನಾನು ಕಂಬದ ಬಗ್ಗೆ ಬೈದೆ” ಎಂದ. “ಕಂಬ ಸೊಟ್ಟಗಿತ್ತು, ನೀವು ಹೇಳಿದ್ದು ನಿಜ” ಎಂದರು ದ್ವೀಪದವರು. ಆಮೇಲೆ ಅವನು, “ಈಗ ಯಾವ ಕಂಬ ಹಾಕಿದ್ದೀರಿ?” ಎಂದು ಕೇಳಿಯೇಬಿಟ್ಟ. ಅತ್ತ ಆ ಪಾಪದ ಮನುಷ್ಯನೂ ಬಿಡುಗಡೆಯಾದವನಂತೆ ಅಲ್ಯೂಮಿನಿಯಮ್ ಕೊಳವೆಯ ಗುಣಗಾನ ಶುರುಮಾಡಿದ. ಹೆಂಡತಿ ನಲ್ಲಿ ಪೂರ್ತಿ ತಿರುಗಿಸಿದಳು.

ಆದರೆ ಹುಳ ಒಳಗೆ ಹೊಕ್ಕಿತ್ತು. ಓವರ್ ಮಾವನಿಗೆ ಒಂದು ಒಳ್ಳೆಯ ವಿಷಯ ಸಿಕ್ಕರೆ ಅದಕ್ಕೆ ನಿಯಮ ಮಾಡದೆ ನಿದ್ದೆ ಬರುತ್ತಿರಲಿಲ್ಲ. ಅವನ ಒತ್ತಾಯಕ್ಕೆ ಕ್ಲಬ್ಬು ಠರಾವು ಮಾಡಿತು: ಇನ್ನು ಮೇಲೆ ಸಂಪರ್ಕ ಸಿಕ್ಕ ಕೂಡಲೇ ಮೊದಲು ಸಿಗ್ನಲ್ ವರದಿ, ನಂತರ ಹವಾಮಾನ, ನಂತರ ಮನೆ ವರದಿ. ಮನೆಯನ್ನೂ ಐದಕ್ಕೆ ಅಳೆಯತಕ್ಕದ್ದು.

“ಮನೆ ಐದಕ್ಕೆ ನಾಲ್ಕು. ಅಳಿಯನಿಗೆ ಕೆಲಸ ಸಿಕ್ಕಿದೆ, ಮಗಳಿಗೆ ಮುನಿಸು. ಓವರ್.”

“ಮನೆ ಐದಕ್ಕೆ ಮೂರು. ಅತ್ತೆ ಬಂದಿದ್ದಾರೆ. ಓವರ್.”

ಜಾಲದ ಆಚೆಕಡೆಯವರೂ ಇದನ್ನು ಹಿಡಿದುಕೊಂಡರು. ಅಂಚೆಯವರು ನಾಲ್ಕೂವರೆ ಕೊಟ್ಟರು, ಅರ್ಧ ಅಂಕಕ್ಕೆ ಅವಕಾಶವಿದೆಯೇ ಎಂದು ಒಂದು ಭಾನುವಾರವಿಡೀ ಚರ್ಚೆಯಾಯಿತು. ಟೈರ್ ಅಂಗಡಿಯ ಅಣ್ಣ ‘ಮೂರು’ ಎಂದರೆ ಗೋಡೆಯಾಚೆಯಿಂದ ತಮ್ಮ ‘ಎರಡೇ ಇರಬೇಕು’ ಎಂದು ತಿದ್ದುತ್ತಿದ್ದ. “ಅಳೋಕೂ ಇವರಿಗೆ ಅಳತೆಗೋಲು ಬೇಕು” ಎಂದು ಓವರ್ ಮಾವನ ಹೆಂಡತಿ ಮೇಡಂ ಹತ್ತಿರ ನಕ್ಕಳು. ಪರೀಕ್ಷೆ ಬರೆದು ಲೈಸೆನ್ಸು ತೆಗೆದುಕೊಳ್ಳಿ ಎಂದು ಮೇಡಂ ಹೇಳಿದಾಗ, “ಮಾತಾಡೋಕೆ ನಾನು ಪರೀಕ್ಷೆ ಬರೀಲಾ?” ಎಂದು ಬಿಟ್ಟಳು. ಆಕೆಯ ಅಡುಗೆಮನೆಯ ಫೋನು ಮಾತ್ರ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಓವರ್ ಮಾವ ಎತ್ತಿದರೆ ಅತ್ತಲಿನವರು, “ಸಿಗ್ನಲ್ ಐದಕ್ಕೆ ಐದು, ಅಮ್ಮನವರು ಇದ್ದಾರಾ?” ಎನ್ನುತ್ತಿದ್ದರು.

ಕ್ಯಾಪ್ಟನ್ ಪ್ರತಿವಾರ ಐದಕ್ಕೆ ಐದು ಕೊಡುತ್ತಿದ್ದರು. ವಿವರ ಹೇಳುತ್ತಿರಲಿಲ್ಲ. ಗಂಡ ಸತ್ತ ತಂಗಿಯೊಬ್ಬಳು ಬಹಳ ಕಾಲದಿಂದ ಅವರ ಮನೆ ನೋಡಿಕೊಳ್ಳುತ್ತಿದ್ದಳು ಎಂಬುದಷ್ಟೇ ಎಲ್ಲರಿಗೂ ಗೊತ್ತಿದ್ದದ್ದು. ಒಂದು ಭಾನುವಾರ ಅವರು ಕ್ಲಬ್ಬಿಗೆ ಬರಲಿಲ್ಲ. ಮನೆಯಿಂದಲೇ ರೇಡಿಯೋದಲ್ಲಿ ಹಾಜರಿ ಹೇಳಿ, ಸಿಗ್ನಲ್ ಹೇಳಿ, ಮೋಡ ಹೇಳಿ, ಆಮೇಲೆ ಎಂದಿನ ಅಧ್ಯಕ್ಷರ ಗತ್ತಿನಲ್ಲೇ, “ಮನೆ ಸೊನ್ನೆ. ಓವರ್” ಎಂದರು.

ಸೊನ್ನೆಗೆ ಏನು ಹೇಳಬೇಕೆಂದು ಠರಾವಿನಲ್ಲಿ ಇರಲಿಲ್ಲ. ಯಾರೂ ಮಾತಾಡುವ ಗುಂಡಿ ಒತ್ತಲಿಲ್ಲ. ಸಾಗರದಾಚೆಯ ಅಂಚೆಯವರೂ ದ್ವೀಪದವರೂ ಅದನ್ನು ಕೇಳಿಸಿಕೊಂಡಿದ್ದರು. ಅಣ್ಣನ ಮುಖವನ್ನು ಟೈರ್ ಅಂಗಡಿಯ ತಮ್ಮ ನೋಡಿದ. ಓವರ್ ಮಾವ ಮೈಕು ಎತ್ತಿಕೊಂಡ, ಬಾಯಿ ತೆರೆದ, ಮತ್ತೆ ಇಟ್ಟ. ಕುರ್ಚಿಯ ಬೆನ್ನಿಗೆ ಹಾಕಿದ್ದ ಕೋಟು ತೆಗೆದುಕೊಂಡು ಮೆಟ್ಟಿಲಿಳಿದು ಹೊರಟ.

ಕ್ಯಾಪ್ಟನ್ ಮನೆ ಎರಡು ಬೀದಿ ಆಚೆ. ಇಷ್ಟು ಕಾಲದಲ್ಲಿ ಅವನು ಅಲ್ಲಿಗೆ ಹೋದದ್ದೇ ಇಲ್ಲ. ಬಾಗಿಲು ತೆರೆದ ಕ್ಯಾಪ್ಟನ್ ಗಡ್ಡ ಹೆರೆದಿರಲಿಲ್ಲ, ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು. ಒಳಗೆ ತೊಳೆಯದ ಲೋಟಗಳು, ಅರ್ಧ ಖಾಲಿಯಾದ ಬಟ್ಟೆಯ ಕಪಾಟು.

“ತಂಗಿ ಮದುವೆ ಆದ್ಲು” ಎಂದರು ಕ್ಯಾಪ್ಟನ್. “ನಲ್ಲಿ ರಿಪೇರಿಗೆ ಬರ್ತಿದ್ದನಲ್ಲ, ಅವನನ್ನ. ಈ ವಯಸ್ಸಲ್ಲಿ. ನಲ್ಲಿ ಪದೇ ಪದೇ ಯಾಕೆ ಕೆಡ್ತಿತ್ತು ಅಂತ ನನಗೆ ಹೊಳೀಲೇ ಇಲ್ಲ. ಯಾರಿಗೂ ಹೇಳಬೇಡ.”

ಸೊನ್ನೆಯನ್ನು ಅರ್ಧ ಭೂಮಿಗೆ ಸಾರಿದ ಮನುಷ್ಯ ಹೀಗೆ ಕೇಳಿಕೊಂಡಾಗ ಓವರ್ ಮಾವ ತಲೆಯಾಡಿಸಿದ. ಇಬ್ಬರೂ ಎದುರುಬದುರು ಕೂತರು. ಒಬ್ಬರ ಮುಖ ಇನ್ನೊಬ್ಬರಿಗೆ ಅಷ್ಟು ಹತ್ತಿರದಿಂದ ಅಭ್ಯಾಸವಿರಲಿಲ್ಲ. ಓವರ್ ಮಾವ ಚಾವಣಿ ನೋಡಿದ. ಕ್ಯಾಪ್ಟನ್ ಮೇಜಿನ ಕಾಲು ನೋಡಿದರು.

ಕಿಟಕಿಯ ಹಲಗೆಯ ಮೇಲೆ ಎರಡು ರೇಡಿಯೋ ಕೈಸೆಟ್ಟುಗಳು ನಿಂತಿದ್ದವು. ಓವರ್ ಮಾವ ಎದ್ದು ಒಂದನ್ನು ಕ್ಯಾಪ್ಟನ್ ಕೈಗೆ ಕೊಟ್ಟ. ಇನ್ನೊಂದನ್ನು ಹಿಡಿದು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ರಿಪೀಟರ್ ಮುಟ್ಟದ, ಊರಿಗೆ ಕೇಳದ ಒಂದು ಚಾನೆಲ್ಲಿಗೆ ತಿರುಗಿಸಿದ.

“ಕೇಳ್ತಾ ಇದೆಯಾ?” ಎಂದ. “ಬೆಳಗ್ಗೆಯಿಂದ ಏನಾದ್ರೂ ತಿಂದ್ರಾ? ಓವರ್.”

ಗೋಡೆಯಾಚೆ ಗುಂಡಿ ಒತ್ತಿದ ಸದ್ದಾಯಿತು. ಕ್ಯಾಪ್ಟನ್ ಮೂಗು ಸೀಟಿಕೊಂಡದ್ದು ಸೆಟ್ಟಿನಲ್ಲೂ ಗೋಡೆಯಲ್ಲೂ ಒಂದೊಂದು ಸಲ ಕೇಳಿಸಿತು. ಆಮೇಲೆ ಅವರು ಮಾತಾಡತೊಡಗಿದರು, ತಂಗಿ ಚಿಕ್ಕವಳಿದ್ದಾಗಿನಿಂದ. ಓವರ್ ಮಾವ ಬಾಯಿ ಹಾಕಲಿಲ್ಲ. ಸಿಂಕಿನ ಬದಿಯಲ್ಲಿ ರಾಶಿ ಬಿದ್ದಿದ್ದ ಲೋಟಗಳನ್ನು ಒಂದೊಂದೇ ತೊಳೆಯುತ್ತ, ಸೆಟ್ಟನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದು ನಿಂತ.